ಹೊಟ್ಟು ಹಾಸಿದ ಮೈದಾನ

ಕುಷ್ಟಗಿಯ ತವರಿನಲ್ಲಿ ನನಗೆ ಉಸಿರು ಬರುತ್ತಿತ್ತು, ಗಂಗಾವತಿಯ ಗಂಡನ ಮನೆಯಲ್ಲಿ ಬರುತ್ತಿರಲಿಲ್ಲ. ಇದನ್ನು ಕೇಳಿದವರು ಮೊದಮೊದಲು ನಗುತ್ತಿದ್ದರು. ಆಮೇಲೆ ನಗು ಬಿಟ್ಟು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ವಯಸ್ಸು ನಲವತ್ತು ದಾಟಿದೆ, ಸಂಸಾರಕ್ಕೆ ಹದಿನೆಂಟು ವರ್ಷ, ದಿನವಿಡೀ ಸೀಟಿ ಊದಿ ಹುಡುಗಿಯರನ್ನು ಓಡಿಸುವ ಪಿ.ಇ. ಟೀಚರ್ ನಾನು. ಇಂಥವಳಿಗೆ ಈಗ ಹೊಸದಾಗಿ ಗಂಡನ ಮನೆ ಒಗ್ಗುತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನಂಬದವರು ಹೋಗಲಿ, ನಂಬಿದವರದೇ ನನಗೆ ಹೆಚ್ಚು ಕಾಟವಾಯಿತು. ನನ್ನ ಎದೆಯೊಳಗೆ ನಡೆಯುತ್ತಿರುವುದು ಸುಳ್ಳಲ್ಲ ಅಂತ ಒಬ್ಬರಾದರೂ ಹೇಳಲಿ ಎಂದು ಆರು ತಿಂಗಳು ಕಾದೆ. ಉಸಿರು ಸಾಲದೆ ಕೂತಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮಾತನ್ನು ನಾನು ನಂಬುತ್ತೇನೆ. ಮೊದಲು ಅಷ್ಟು ತಿಳಿದಿರಲಿ.

ನಮ್ಮದು ಗಂಗಾವತಿಯ ಒಂದು ಖಾಸಗಿ ಶಾಲೆ. ಹಳೆಯ ವಿದ್ಯಾರ್ಥಿಯೊಬ್ಬ ಕೊಡಿಸಿದ ಸಣ್ಣದೊಂದು ಟರ್ಫ್ ಮೈದಾನ ಅಲ್ಲಿದೆ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು, ಸುತ್ತಲೂ ಮತ್ತು ಮೇಲೆ ಬಲೆ, ಒಂದೇ ಗೇಟು. ನಮ್ಮ ಹುಡುಗಿಯರ ಫುಟ್‌ಬಾಲ್ ತಂಡ ಹುಟ್ಟಿದ್ದೇ ಈ ಬಲೆಯಿಂದ. ಬಯಲಿನಲ್ಲಿ ಮಗಳನ್ನು ಆಡಲು ಬಿಡದ ತಾಯಂದಿರು "ಒಳಗ ಆಡ್ತಾವಲ್ಲ, ಗೇಟ್ ಹಾಕಿರ್ತೀರಲ್ಲ, ಆಡ್ಲಿ ಬಿಡ್ರಿ" ಅಂದಿದ್ದರು. ಇಂಥ ಹುಲ್ಲಿನ ಎಳೆಗಳ ನಡುವೆ ಮೆತ್ತಗಿನದು ಏನಾದರೂ ತುಂಬಿರಬೇಕು. ಇಲ್ಲದಿದ್ದರೆ ಎಳೆ ಮಲಗಿಬಿಡುತ್ತದೆ, ಬಿದ್ದವರಿಗೆ ಅಡಿಯ ಕಾಂಕ್ರೀಟೇ ಸಿಗುತ್ತದೆ. ಹಾಸಿಕೊಟ್ಟವರು ಕಪ್ಪು ರಬ್ಬರ್ ಹರಳು ತುಂಬಿದ್ದರು. ಅದು ಎರಡು ಮಳೆಗಾಲದಲ್ಲಿ ಅರ್ಧ ಚರಂಡಿಗೆ ಹೋಯಿತು, ಅರ್ಧ ಮಕ್ಕಳ ಬೂಟಿನಲ್ಲಿ ಮನೆ ಮನೆಗೆ ಹೋಯಿತು. ಉಳಿದದ್ದು ಬೇಸಿಗೆಯಲ್ಲಿ ಕಾದ ಹಂಚಿನಂತೆ ಸುಡುತ್ತಿತ್ತು. ಹುಡುಗಿಯರ ಮೊಣಕಾಲು ಸುಲಿದು ಬರುತ್ತಿದ್ದವು. ಹೊಸ ಹರಳು ಬೇಕು ಅಂತ ಆಡಳಿತ ಮಂಡಳಿಗೆ ಹೇಳಿದಾಗಲೆಲ್ಲ "ನೋಡೋಣ ಮೇಡಂ" ಅನ್ನುತ್ತಿದ್ದರು. ಒಬ್ಬರೂ ಬಂದು ನೋಡಲಿಲ್ಲ.

ಭತ್ತದ ಹೊಟ್ಟು ತುಂಬುವುದು ನನ್ನ ತಲೆಯಲ್ಲೇ ಹುಟ್ಟಿದ್ದು. ನಮ್ಮ ಮನೆಯವರು, ಈರಣ್ಣ, ಇಲ್ಲಿಯ ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಬಾಯ್ಲರಿಗೆ ಹಾಕಿ ಮಿಕ್ಕ ಹೊಟ್ಟು ಮಿಲ್ಲಿನ ಹಿಂದೆ ರಾಶಿ ಬಿದ್ದಿರುತ್ತದೆ. ಒಂದು ಟ್ರ್ಯಾಕ್ಟರ್ ತರಿಸಿ ಹುಡುಗಿಯರ ಕೈಯಿಂದಲೇ ಹಾಸಿಸಿದೆ. ಒಣಗಿದ್ದರೆ ಹಾರಿ ಪಕ್ಕದವರ ಅಡುಗೆಗೆ ಬೀಳುತ್ತದೆಂದು ದಿನಾ ಬೆಳಿಗ್ಗೆ ಐದೂವರೆಗೆ ಪೈಪ್ ಹಿಡಿದು ನೀರು ಹೊಡೆಯುತ್ತಿದ್ದೆ. ಕಾಲುವೆ ಸೀಮೆ ನಮ್ಮದು, ನೀರಿಗೇನು ಬರ! ಆಮೇಲೆ ಉದ್ದನೆಯ ಬ್ರಷ್ಷಿಗೆ ಹಗ್ಗ ಕಟ್ಟಿ ಎಳೆದು ಸಮ ಮಾಡುತ್ತಿದ್ದೆ. ಶನಿವಾರ ಪರೀಕ್ಷೆ. ಸೈಕಲ್ಲಿನ ಕಡ್ಡಿಗೆ ಉಗುರುಬಣ್ಣದ ಗೆರೆ ಹಾಕಿ ಹತ್ತು ಕಡೆ ಚುಚ್ಚಿ ಆಳ ನೋಡುತ್ತಿದ್ದೆ. ಚೆಂಡನ್ನು ತಲೆಯೆತ್ತರದಿಂದ ಬಿಟ್ಟು ಎಷ್ಟು ಪುಟಿಯಿತು ಅಂತ ಕಂಬದ ಗುರುತಿಗೆ ಹೋಲಿಸುತ್ತಿದ್ದೆ. ಕೊನೆಗೆ ನಾನೇ ಓಡಿ ಬಂದು ಮೊಣಕಾಲೂರಿ ಜಾರಿ, ಚರ್ಮ ಕಿತ್ತಿತೇ ಅಂತ ನೋಡಿಕೊಳ್ಳುತ್ತಿದ್ದೆ. ಕಿತ್ತಿರಲಿಲ್ಲ. ಕಾಲು ಸುಡುವುದೂ ನಿಂತಿತ್ತು. ಬೇರೆ ಶಾಲೆಯವರು ನೋಡಲು ಬಂದರು. ಊರಲ್ಲಿ ನನಗೆ "ಹೊಟ್ಟಿನ ಮೇಡಂ" ಅಂತ ಹೆಸರೂ ಬಿತ್ತು. ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗಣಪತಿ ಕಳಿಸಿ ಎರಡು ವಾರವಾಗಿತ್ತು. ಮಧ್ಯಾಹ್ನ ಶಾಲೆಯಿಂದ ಮನೆಗೆ ಬಂದು ಊಟಕ್ಕೆ ಕೂತವಳಿಗೆ ಚಳಿ ಹತ್ತಿತು. ಸಂಜೆಗೆ ಜ್ವರ, ಒಣ ಕೆಮ್ಮು, ಎದೆಗೆ ಯಾರೋ ಪಟ್ಟಿ ಬಿಗಿದು ಕಟ್ಟಿದ ಹಾಗೆ. ಬೆಳಿಗ್ಗೆ ಎದ್ದರೆ ಅಷ್ಟಕ್ಕಷ್ಟೇ ಆರಾಮ. ಮತ್ತೆ ಮೈದಾನ, ಮತ್ತೆ ಮಧ್ಯಾಹ್ನ ಅದೇ ಕಥೆ. ಹವೆ ಬದಲಾಗಿದೆ ಅಂದುಕೊಂಡು ಅರಿಶಿನದ ಹಾಲು ಕುಡಿದೆ. ಹದಿನೈದು ದಿನದಲ್ಲಿ ನಮ್ಮ ಮನೆಯ ಹನ್ನೆರಡು ಮೆಟ್ಟಿಲು ಹತ್ತಲು ನಡುವೆ ಒಮ್ಮೆ ಕೂರಬೇಕಾಯಿತು.

ದಸರಾ ರಜೆಗೆ ಕುಷ್ಟಗಿಗೆ ಹೋದೆ. ನಾಲ್ಕನೆಯ ದಿನ ಅವ್ವನ ಜೊತೆ ತುಂಬಿದ ಕೊಡ ಹೊತ್ತು ಮಾಳಿಗೆ ಹತ್ತಿದೆ, ಒಂದು ಕೆಮ್ಮೂ ಬರಲಿಲ್ಲ. ರಜೆ ಮುಗಿಸಿ ಭಾನುವಾರ ಗಂಗಾವತಿಗೆ ಬಂದೆ, ಸೋಮವಾರ ಶಾಲೆಗೆ ಹೋದೆ, ಸೋಮವಾರ ಸಂಜೆ ಹಾಸಿಗೆ ಹಿಡಿದೆ. ಡಿಸೆಂಬರಿನಲ್ಲಿ ಮತ್ತೆ ಹತ್ತು ದಿನ ತವರಿಗೆ ಹೋದಾಗಲೂ ಹಾಗೇ ಆಯಿತು. ಸಂಕ್ರಾಂತಿಗೆ ಮೂರನೆಯ ಸಲ ಹಾಗೇ ಆದ ಮೇಲೆ ಅತ್ತೆ ತಡೆಯಲಿಲ್ಲ.

"ಅಲ್ಲ ಗಿರಿಜಾ," ಅಂದರು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. "ನಿಮ್ಮವ್ವನ ಮನ್ಯಾಗ ಕುದುರಿ ಹಂಗ ಓಡ್ಯಾಡ್ತಿ. ನಮ್ಮ ಹೊಸ್ತಿಲ ತುಳಿದ್ರ ಕೆಮ್ಮು. ನಮ್ಮ ಮನಿ ಗಾಳಿ ಅಷ್ಟು ಕೆಟ್ಟೈತೇನು?"

"ಹಂಗಲ್ರಿ ಅತ್ತಿ..."

"ಮತ್ತ ಹ್ಯಾಂಗ? ನಾ ಏನರ ಅಂದೀನೇನು ನಿನಗ? ಅಂದಿದ್ರ ಹೇಳು, ಇಲ್ಲೇ ಕಾಲು ಹಿಡಿತೀನಿ."

ಅವರ ಕಣ್ಣಲ್ಲಿ ನೀರು ಬಂದಿತ್ತು. ಜಗಳವಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಉತ್ತರ ಕೊಡಲು ಬಾಯಿ ತೆರೆದರೆ ಕೆಮ್ಮು ಬಂತು. ಅದನ್ನೂ ಅವರು ಉತ್ತರವೆಂದೇ ತಿಳಿದರು.

ಓಣಿಯವರು ಸುಮ್ಮನಿರುತ್ತಾರೆಯೇ? ಮಗ ಧಾರವಾಡದ ಹಾಸ್ಟೆಲ್ ಸೇರಿದ್ದಾನೆ, ಇನ್ನು ಅತ್ತೆಯ ಚಾಕರಿ ಯಾರಿಗೆ ಬೇಕು ಅಂದರು ಕೆಲವರು. ಮನೆಯ ಬಾಗಿಲು ದಿಕ್ಕು ತಪ್ಪಿದೆ ಅಂದರು ಕೆಲವರು. ಅತ್ತೆ ನನ್ನನ್ನು ಹುಲಿಗಿಯ ಗುಡಿಗೆ ಕರೆದುಕೊಂಡು ಹೋಗಿ ದೇವಿಗೆ ಉಡಿ ತುಂಬಿಸಿದರು. ಮಂಗಳವಾರದ ಗದ್ದಲದಲ್ಲಿ, ಸಾಲಿನ ಕಬ್ಬಿಣದ ಕಂಬಿಗಳ ನಡುವೆ, ಹಿಂದೆ ಮುಂದೆ ಜನ ಒತ್ತಿಕೊಂಡಿರುವಾಗ ನನಗೆ ಉಸಿರು ಕಟ್ಟಿತು. ಹೊರಗೆ ಹೋಗಲು ದಾರಿಯಿಲ್ಲ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ಅತ್ತೆ ಸೆರಗಿನಿಂದ ಗಾಳಿ ಹಾಕುತ್ತ "ಸರೀರಿ, ಸರೀರಿ, ಸೊಸಿಗೆ ಆರಾಮಿಲ್ಲ" ಅಂತ ಕೂಗುತ್ತಿದ್ದರು. ಮನೆಯಲ್ಲಿ ಸಿಟ್ಟು ಮಾಡಿದ ಬಾಯಿಯೇ ಅದು.

ಈರಣ್ಣ ಏನೂ ಅನ್ನುತ್ತಿರಲಿಲ್ಲ. ಅದೇ ನನಗೆ ತಾಳಲಾಗದ್ದು. ಮಂಚವನ್ನು ಕಿಟಕಿಯ ಹತ್ತಿರ ಸರಿಸಿದರು, ಬಿಸಿನೀರು ಕಾಸಿಕೊಟ್ಟರು, ಶಾಲೆಗೆ ಬೈಕಿನಲ್ಲಿ ಬಿಟ್ಟುಬಂದರು. ಒಂದು ಸಂಜೆ ನನ್ನ ಪಕ್ಕ ಕೂತು ನೆಲ ನೋಡುತ್ತ ಕೇಳಿದರು: "ಗಿರಿಜಾ, ನಿನಗ ಇಲ್ಲಿ ಇರಾಕ ಮನಸಿಲ್ಲೇನು? ಇಲ್ಲಂದ್ರ ಇಲ್ಲಂತ ಹೇಳು. ನಾ ಸಿಟ್ಟು ಮಾಡಂಗಿಲ್ಲ."

ಕೈಗೆ ಸಿಕ್ಕ ಸ್ಟೀಲ್ ಲೋಟ ಗೋಡೆಗೆ ಎಸೆದೆ. ಎಸೆದ ಶ್ರಮಕ್ಕೇ ಹತ್ತು ನಿಮಿಷ ಏದುಸಿರು ಬಿಟ್ಟೆ.

ಕೊಪ್ಪಳದಲ್ಲಿ ಕಫ ಪರೀಕ್ಷೆಗೆ ಹೋದೆವು. ಬಸ್ಸು ಗಿಣಿಗೇರಾ ದಾಟುವಾಗ ಕಾರ್ಖಾನೆಗಳ ಹೊಗೆ ನೋಡಿ ನನಗೆ ಒಳಗೊಳಗೇ ಆಸೆಯಾಯಿತು, ಇದೇ ಆಗಿರಲಿ ದೇವರೇ ಅಂತ. ಆದರೆ ನಮ್ಮ ಮನೆ ಎಲ್ಲಿ, ಗಿಣಿಗೇರಾ ಎಲ್ಲಿ? ಕಾಯುವ ಜಾಗದಲ್ಲಿ ನೀಲಿ ಕುರ್ಚಿಗಳು, ಎಲ್ಲರ ಬಾಯಿಗೂ ಮಾಸ್ಕು. ಎದುರಿಗೆ ಕೂತ ಯಲಬುರ್ಗಾ ಕಡೆಯ ಅಜ್ಜಿಯೊಬ್ಬರು ನನ್ನ ಕೆಮ್ಮು ಕೇಳಿ ಕೇಳಿ, ಎದ್ದು ಬಂದು ಪಕ್ಕದಲ್ಲೇ ಕೂತರು. ಬೇರೆಯವರು ದೂರ ಸರಿಯುತ್ತಿದ್ದಾಗ ಅವರು ಹತ್ತಿರ ಬಂದದ್ದು ಇವತ್ತಿಗೂ ಕಣ್ಣ ಮುಂದಿದೆ. "ಬೆನ್ನ ಮ್ಯಾಲ ಕೈ ಆಡಸ್ಲೇನ ಯವ್ವಾ?" ಅಂದರು. ಆಡಿಸಿದರು. ನಾನು ಅತ್ತುಬಿಟ್ಟೆ.

ಕ್ಷಯವಿಲ್ಲ ಅಂತ ವರದಿ ಬಂತು. ಖುಷಿಪಡಬೇಕಿತ್ತು, ನಾನು ಹೆದರಿದೆ. ಅಷ್ಟರೊಳಗೆ ಬೇರೆ ತಟ್ಟೆ, ಬೇರೆ ಲೋಟ ಮಾಡಿರಿ ಅಂತ ಓಣಿಯ ಹೆಂಗಸೊಬ್ಬಳು ಹೇಳಿಹೋಗಿದ್ದಳು. ಅತ್ತೆ ಅವಳನ್ನು ಬಾಗಿಲಿಂದಲೇ ಬೈದು ಕಳಿಸಿ, ನನ್ನ ತಟ್ಟೆಯಲ್ಲೇ ಮಿಕ್ಕಿದ್ದ ಅನ್ನ ಕಲಸಿ ಉಂಡಿದ್ದರು. ಈಗ ಕ್ಷಯವೂ ಅಲ್ಲ ಅಂದ ಮೇಲೆ ಉಳಿದದ್ದೇನು? ಊರಿನ ಡಾಕ್ಟರು ಚೀಟಿ ಬರೆಯುತ್ತ "ಟೆನ್ಷನ್ ಕಮ್ಮಿ ಮಾಡ್ಕೊಳ್ರಿ ಮೇಡಂ, ಮನ್ಯಾಗ ಎಲ್ಲಾ ಸರಿ ಐತಿಲ್ಲ?" ಅಂದರು. ನಿದ್ದೆ ಗುಳಿಗೆ ಕೊಟ್ಟರು. ಅಲ್ಲಿಂದಾಚೆ ನಾನೇ ನನ್ನನ್ನು ಅನುಮಾನಿಸತೊಡಗಿದೆ. ನಿಜಕ್ಕೂ ನನಗೆ ಈ ಮನೆ ಬೇಡವಾಗಿದೆಯೇ? ನನಗೇ ಗೊತ್ತಿಲ್ಲದೆ ನನ್ನ ಎದೆ ಹಟ ಹಿಡಿದಿದೆಯೇ? ಮೈ ಒಂದು ಕಡೆ, ಮನೆ ಇನ್ನೊಂದು ಕಡೆ, ನಡುವೆ ಎಲ್ಲಿಗೂ ಓಡಲಾಗದ ಪಿ.ಇ. ಟೀಚರು. ಮೈದಾನದಲ್ಲಿ ಮಾತ್ರ ನೆಮ್ಮದಿ ಅಂದುಕೊಂಡಿದ್ದೆ, ಯಾಕೆಂದರೆ ಅಲ್ಲಿರುವಾಗ ಕೆಮ್ಮು ಕಡಿಮೆ. ಹಾಗಾಗಿ ಬೆಳಗಿನ ಬ್ರಷ್ ಎಳೆಯುವ ಕೆಲಸ ಬಿಡಲಿಲ್ಲ, ಇನ್ನಷ್ಟು ಹೊತ್ತು ಅಲ್ಲೇ ಕಳೆದೆ.

ಫೆಬ್ರವರಿ ಕೊನೆಗೆ ತುಟಿ ನೀಲಿಯಾಯಿತು. ಈರಣ್ಣ ಯಾರನ್ನೂ ಕೇಳದೆ ಗಾಡಿ ಮಾಡಿ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಶ್ವಾಸಕೋಶದ ಡಾಕ್ಟರಮ್ಮ ಒಬ್ಬರು ಭರ್ತಿ ಮಾಡಿಕೊಂಡರು. ಸ್ಕ್ಯಾನಿನ ಕೊಳವೆಯೊಳಗೆ ಮಲಗಿಸಿ "ಉಸಿರು ಹಿಡಿಯಿರಿ" ಅನ್ನುತ್ತಿತ್ತು ಒಂದು ಯಂತ್ರದ ದನಿ. ಹಿಡಿಯಲು ಇದ್ದರಲ್ಲವೇ! ಇನ್ನೊಂದು ಕಡೆ ಟೆಲಿಫೋನ್ ಬೂತಿನಂಥ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು ಬಾಗಿಲು ಹಾಕಿದರು. "ಊದ್ರಿ, ಊದ್ರಿ, ಊದ್ರಿ, ಇನ್ನೂ ಊದ್ರಿ" ಅಂತ ಹೊರಗಿಂದ ಹುಡುಗಿ ಕೂಗುತ್ತಿದ್ದಳು. ಥೇಟ್ ನನ್ನದೇ ದನಿ. ಇಪ್ಪತ್ತು ವರ್ಷ ಸೀಟಿ ಊದಿದವಳು ಅಲ್ಲಿ ಒಂದು ಮೇಣದಬತ್ತಿ ಆರಿಸುವಷ್ಟೂ ಊದಲಾರದೆ ಗಾಜು ಬಡಿದೆ. ತೆಗೆಯಿರಿ, ತೆಗೆಯಿರಿ ಅಂತ. ಅವಮಾನದಿಂದ ಮೈಯೆಲ್ಲ ಬೆವರಿತ್ತು.

ಆಸ್ಪತ್ರೆಯಲ್ಲಿ ಆರು ದಿನವಾಗುವಷ್ಟರಲ್ಲಿ ಕೆಮ್ಮು ಇಳಿಯಿತು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ನೋಡು, ಮನೆ ಬಿಟ್ಟೆ, ಆರಾಮಾಯಿತು. ಎಲ್ಲರೂ ಹೇಳಿದ್ದೇ ನಿಜ.

ನೋಡಲು ಬಂದ ಡಾಕ್ಟರಮ್ಮನಿಗೂ ಅದನ್ನೇ ಹೇಳಿದೆ. ಅವರು ನಗಲಿಲ್ಲ, ಕುರ್ಚಿ ಎಳೆದು ಕೂತರು. "ಟೀಚರ್, ಮುಂಜಾನಿ ಎದ್ದ ಗಳಿಗಿಯಿಂದ ಹೇಳ್ರಿ. ಏನೇನು ಮಾಡ್ತೀರಿ? ಪಾರಿವಾಳ ಸಾಕೀರೇನು? ಕೋಳಿ? ಹಳೇ ಜೋಳದ ಚೀಲ?"

ಇಲ್ಲ, ಇಲ್ಲ, ಇಲ್ಲ ಅಂದೆ. ಏಳುತ್ತೇನೆ, ಚಹಾ ಕುಡಿಯುತ್ತೇನೆ, ಗ್ರೌಂಡಿಗೆ ಹೋಗುತ್ತೇನೆ.

ಬಾಗಿಲಲ್ಲಿ ನಿಂತಿದ್ದ ಈರಣ್ಣ ಗಂಟಲು ಸರಿಮಾಡಿಕೊಂಡರು. "ಮೇಡಂ, ಈಕಿ ಗ್ರೌಂಡಿಗೆ ಹೊಟ್ಟು ಹಾಸ್ಯಾಳ್ರಿ. ಭತ್ತದ್ದು. ದಿನಾ ನೀರು ಬಿಟ್ಟು, ಬ್ರಷ್ ಎಳಿತಾಳ."

ನನಗೆ ಎಂಥ ಸಿಟ್ಟು ಬಂತೆಂದರೆ! ಮನೆಯ ಮೇಲೆ ಬಂದ ಮಾತನ್ನು ನನ್ನ ಹೊಟ್ಟಿನ ಮೇಲೆ ಹೊರಿಸುತ್ತಿದ್ದಾನೆ ಈ ಮನುಷ್ಯ ಅಂದುಕೊಂಡೆ. "ಅದಕ್ಕೂ ಇದಕ್ಕೂ ಏನ್ರಿ ಸಂಬಂಧ? ಅಲ್ಲಿ ನನಗ ಕೆಮ್ಮೇ ಬರಂಗಿಲ್ಲ" ಅಂತ ರೇಗಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಲ್ಲಿ ಬರಂಗಿಲ್ಲ. ಐದಾರು ತಾಸು ಆದ ಮ್ಯಾಲ ಬರ್ತೈತಿ. ಅಷ್ಟೊತ್ತಿಗೆ ನೀವು ಮನ್ಯಾಗ ಇರ್ತೀರಿ, ಹೌದಿಲ್ಲೋ? ಒಂದು ಮುಷ್ಟಿ ಹೊಟ್ಟು ಚೀಲದಾಗ ಕಟ್ಟಿ ತರಸ್ರಿ. ಮ್ಯಾಲಿಂದಲ್ಲ, ತಳದ್ದು."

ಮರುದಿನ ಈರಣ್ಣನೇ ಹೋಗಿ ಗೋಲ್ ಕಂಬದ ಬುಡದಿಂದ ಬಗೆದು ತಂದರು. ಗಂಟು ಹಾಕಿದ ಪ್ಲಾಸ್ಟಿಕ್ ಚೀಲ, ಬಿಚ್ಚಬೇಡಿ ಅಂದಿದ್ದರು ಡಾಕ್ಟರಮ್ಮ. ಬಿಚ್ಚುವ ಅಗತ್ಯವೂ ಇರಲಿಲ್ಲ. ಮೇಲೆ ಚಿನ್ನದ ಬಣ್ಣ ಕಾಣುವ ನನ್ನ ಹೊಟ್ಟು ತಳದಲ್ಲಿ ಬೂದಿ ಬಣ್ಣಕ್ಕೆ ತಿರುಗಿ, ಹತ್ತಿಯಂಥ ಬಿಳಿ ಬೂಷ್ಟು ಹಿಡಿದು ಮುದ್ದೆಯಾಗಿತ್ತು. ಪ್ರತಿ ಶನಿವಾರ ಕಡ್ಡಿ ಚುಚ್ಚಿ ಆಳ ನೋಡಿದ್ದೆ, ಪುಟಿತ ನೋಡಿದ್ದೆ, ಮೊಣಕಾಲು ನೋಡಿದ್ದೆ. ಒಂದು ಸಲವೂ ಬೊಗಸೆಯಲ್ಲಿ ಎತ್ತಿ ನೋಡಿರಲಿಲ್ಲ. ದಿನಾ ಬೆಳಿಗ್ಗೆ ನೀರುಣಿಸಿ ಆ ಬೂಷ್ಟನ್ನು ಬೆಳೆಸಿದವಳು ನಾನು, ಬ್ರಷ್ ಎಳೆದು ಅದನ್ನೇ ಎದೆ ತುಂಬ ಕುಡಿದವಳೂ ನಾನು.

ಆ ಕಾಯಿಲೆಗೆ ಉದ್ದದ ಇಂಗ್ಲಿಷ್ ಹೆಸರಿದೆ, ನನಗೆ ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. "ಇದು ಕ್ಷಯ ಅಲ್ಲ, ಮನಸಿನ ರೋಗಾನೂ ಅಲ್ಲ. ನಿಮ್ಮ ಎದಿ ಸುಳ್ಳು ಹೇಳಿಲ್ಲ ಟೀಚರ್" ಅಂದರು ಡಾಕ್ಟರಮ್ಮ. ಶ್ವಾಸಕೋಶದ ಒಂದು ಭಾಗ ಗಾಯವಾಗಿ ಕಲೆ ಉಳಿದಿದೆ, ಅದು ಹೋಗುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದೂ ಹೇಳಿದರು. ಎರಡನೆಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಮೊದಲನೆಯದನ್ನು ಹಿಡಿದುಕೊಂಡು ಈರಣ್ಣನ ಮುಖ ನೋಡಿದೆ. ಅವರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಹೊರಗೆ ಹೋಗಿ ತಮ್ಮ ಅವ್ವನಿಗೆ ಫೋನ್ ಹಚ್ಚಿದ್ದು ಕೇಳಿಸಿತು: "ಯವ್ವಾ, ನಮ್ಮ ಮನೀದಲ್ಲಂತ. ಹೊಟ್ಟಿಂದಂತ."

ಸ್ಟಿರಾಯ್ಡ್ ಗುಳಿಗೆ ಮೂರು ತಿಂಗಳು. ಮುಖ ಪೂರಿಯಂತೆ ಉಬ್ಬಿತು, ಹೊತ್ತಿಲ್ಲದ ಹೊತ್ತಿನಲ್ಲಿ ಹಸಿವು, ಕಾರಣವಿಲ್ಲದೆ ಸಿಟ್ಟು. ಅತ್ತೆ ಉಪ್ಪು ಕಡಿಮೆ ಹಾಕಿ ಬೇರೆ ಪಲ್ಯ ಮಾಡುತ್ತಿದ್ದರು, ಅದನ್ನೂ ಬೈದು ಉಣ್ಣುತ್ತಿದ್ದೆ. "ಬೈಯಿ, ಬೈಯಿ, ಉಸಿರು ಬಂದೈತಿ ಅಂತ ಗೊತ್ತಾಗ್ತೈತಿ" ಅನ್ನುತ್ತಿದ್ದರು. ನಾವು ಕ್ಷಮೆ ಗಿಮೆ ಅಂತ ಏನೂ ಮಾತಾಡಿಕೊಳ್ಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಮೂಗು ಬಾಯಿ ಕಟ್ಟಿಕೊಂಡು ಶಾಲೆಗೆ ಹೋದೆ. ಹೊಟ್ಟು ತೆಗೆಸಬೇಕು, ಅಲ್ಲಿಯವರೆಗೆ ಗೇಟಿಗೆ ಬೀಗ ಹಾಕಬೇಕು ಅಂದೆ. ಯುಗಾದಿಯ ಹೊತ್ತಿಗೆ ಟೂರ್ನಮೆಂಟ್ ಇತ್ತು. ಹೆಡ್‌ಮಾಸ್ಟರ್ ಒದ್ದಾಡಿದರು. "ಅದೊಂದು ಮುಗೀಲಿ ಮೇಡಂ. ನಿಮಗ ಆಗಿ ಬರಂಗಿಲ್ಲ ಅಂದ್ರ ನೀವು ಒಳಗ ಹೋಗಬ್ಯಾಡ್ರಿ, ಹೊರಗ ನಿಂತು ಹೇಳ್ರಿ. ಹುಡುಗ್ಯಾರು ಛಲೋ ಅದಾರಲ್ಲ?" ಹೊಟ್ಟು ತೆಗೆದರೆ ಬರೀ ಕಾಂಕ್ರೀಟು, ಹೊಸ ಹರಳು ಬರುವುದು ಯಾವಾಗಲೋ. ಬೀಗ ಹಾಕಿದರೆ ಹುಡುಗಿಯರು ಮನೆ ಸೇರುತ್ತಾರೆ, ಒಮ್ಮೆ ಸೇರಿದವರನ್ನು ಮತ್ತೆ ಹೊರಗೆ ತರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಹಾಕದಿದ್ದರೆ ನನ್ನ ಎದೆಗೆ ಆದದ್ದು ಅವರಿಗೂ ಆಗಬಹುದು. ಬ್ಯಾಗಿನಿಂದ ಆ ಗಂಟು ಹಾಕಿದ ಚೀಲ ತೆಗೆದು ಅವರ ಮೇಜಿನ ಮೇಲಿಟ್ಟು, "ಬಿಚ್ಚಲೇನ್ರಿ ಸರ್?" ಅಂದೆ. ಅವರು ಕುರ್ಚಿ ಹಿಂದೆ ಸರಿಸಿದರು. ಬೀಗದ ಕೈ ಕೊಟ್ಟರು.

ಸಂಜೆ ತಂಡದ ಹನ್ನೊಂದು ಹುಡುಗಿಯರೂ ಬೀಗ ಹಾಕಿದ ಗೇಟಿನ ಮುಂದೆ ಮುಖ ಊದಿಸಿಕೊಂಡು ನಿಂತರು. ಅವರಿಗೆ ಮೊದಲಿಂದ ಎಲ್ಲ ಹೇಳಿದೆ. ಮಾತಿಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ನನ್ನನ್ನು ಯಾರೂ ನಂಬಲಿಲ್ಲ ಅಂತಲೂ ಹೇಳಿದೆ. ನಿಮ್ಮಲ್ಲಿ ಯಾರಿಗಾದರೂ ಕೆಮ್ಮು, ಜ್ವರ ಇದೆಯೇ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದರು. ಎಲ್ಲರೂ ಹೋದ ಮೇಲೆ ನಮ್ಮ ಗೋಲ್‌ಕೀಪರ್ ದುರುಗಮ್ಮ ಚೀಲದ ಪಟ್ಟಿ ತಿರುವುತ್ತ ಅಲ್ಲೇ ನಿಂತಿದ್ದಳು. ಒಂಬತ್ತನೆಯ ಕ್ಲಾಸು, ಮಾತು ಕಡಿಮೆ.

"ನನಗೂ ಆಗ್ತಿತ್ರಿ ಮೇಡಂ. ಸಂಜಿಗೆ ಜ್ವರ."

"ಹುಚ್ಚಿ, ಮೊದಲಽ ಯಾಕ ಹೇಳಲಿಲ್ಲ?"

"ಹೇಳಿದ್ದೆರಿ."

"ಯಾರಿಗೆ?"

"ನಿಮಗರಿ. ದೀಪಾವಳಿ ಮುಗದ ಮ್ಯಾಲ. ಎದಿ ಹಿಡದಂಗ ಆಗ್ತೈತಿ ಅಂದೆ. ನಾಟಕ ಮಾಡಬ್ಯಾಡ, ಇನ್ನೆರಡು ಸುತ್ತು ಓಡು ಅಂದ್ರಿ."

ನನಗೆ ನೆನಪೇ ಇರಲಿಲ್ಲ. ಈಗಲೂ ಎಷ್ಟು ತಡಕಾಡಿದರೂ ಆ ದಿನ ನೆನಪಾಗುವುದಿಲ್ಲ.

"ಆಮ್ಯಾಲ ಏನು ಮಾಡಿದಿ?"

"ಓಡಿದೆರಿ."

ಆ ಸೋಮವಾರವೇ ಅವಳನ್ನೂ ಅವಳ ಅವ್ವನನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಬೇಗ ಗೊತ್ತಾಗಿದೆ, ಕಲೆ ಉಳಿದಿಲ್ಲ, ಹೊಟ್ಟಿನಿಂದ ದೂರವಿದ್ದರೆ ಸಾಕು ಅಂದರು ಡಾಕ್ಟರಮ್ಮ. ದುರುಗಮ್ಮನ ಅವ್ವ ಕೈಮುಗಿದಳು. ಬರುವಾಗ ಬಸ್ಸಿನಲ್ಲಿ ಅವಳು ನಿದ್ದೆ ಹೋದ ಮೇಲೆ ನಾನು ಹುಡುಗಿಯ ಕೈ ಹಿಡಿದು, ತಪ್ಪಾಯಿತು ದುರುಗಿ, ಆವತ್ತು ನಿನ್ನ ಮಾತು ನಂಬಬೇಕಿತ್ತು ಅಂದೆ. ಟೀಚರ್ ಬಾಯಲ್ಲಿ ಇಂಥ ಮಾತು ಕೇಳಿ ಅವಳಿಗೇ ನಾಚಿಕೆಯಾಯಿತು. ಮೆಲ್ಲಗೆ ಕೈ ಬಿಡಿಸಿಕೊಂಡು, ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು:

"ಇರ್ಲಿ ಬಿಡ್ರಿ ಮೇಡಂ. ನೀವು ಎಲ್ಲಾರಿಗೂ ಹಂಗಽ ಅಂತೀರಿ."